ಸೋಗೆ ಕಳೆದು

ಮೂವತ್ತೊಂದು ವರ್ಷ ಕಬ್ಬು ತೂಗಿದವನು ನಾನು,
ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ, ಕಿಟಕಿಗೆ ಮೊಣಕೈಯೂರಿ.
ಗಾಡಿ ಬಂದು ನಿಲ್ಲುವುದು, ಮುಳ್ಳು ತೂಗಾಡಿ ತೂಗಾಡಿ ತಣ್ಣಗಾಗುವುದು,
ಸೋಗೆಗೆ ಇಷ್ಟು, ಬೇರಿನ ಮಣ್ಣಿಗೆ ಇಷ್ಟು ಕಳೆದು
ಚೀಟಿ ಹರಿದು ಕೊಡುವುದು.
ಶಾಯಿಯಲ್ಲೇ. ತಿದ್ದಿದರೆ ಮೆಮೊ.

ಈಗ ಹುಡುಗರನ್ನು ತೂಗುತ್ತೇನೆ. ಪೆನ್ಸಿಲ್ಲಿನಲ್ಲಿ.

ಜಿಲ್ಲೆಯ ಹತ್ತೊಂಬತ್ತರೊಳಗಿನ ತಂಡಕ್ಕೆ
ವೇಗದ ಬೌಲರುಗಳು ಬೇಕಾದದ್ದು ಮೂರು, ಬಂದದ್ದು ನಲವತ್ತೆರಡು.
ಕಾಲೇಜು ಮೈದಾನದ ಬೇಲಿಗೊರಗಿ ಬೈಕುಗಳು,
ಒಂದು ಹಾಲಿನ ಟೆಂಪೊ. ಅದರಿಂದ ಇಳಿದರು ಕೆರಗೋಡಿನ ಐವರು,
ಐವರ ನಡುವೆ ಬೂಟು ಮೂರು ಜೊತೆ.

ಮೈಸೂರಿಂದ ಬಂದಾತ ಸ್ಪೀಡ್ ಗನ್ ಹಿಡಿದು ಬಲೆಯ ಹಿಂದೆ ಕೂತು
ಸಂಖ್ಯೆ ಕೂಗುತ್ತಾನೆ, ಹರಾಜಿನವನ ಹಾಗೆ.
ನೂರಾ ಇಪ್ಪತ್ತೆಂಟು!
ಮಳವಳ್ಳಿಯ ಧೀರಜ್, ಆರಡಿ ಎರಡಂಗುಲ.
ಕಮಿಟಿಯವರ ಮುಖವೆಲ್ಲ ಅರಳಿತು.
ನಾನು ಅವನು ಮುಂಗಾಲೂರುವುದನ್ನು ನೋಡಿದೆ:
ಪಾದ ಒಂದು ದಿಕ್ಕು, ಸೊಂಟ ಒಂದು ದಿಕ್ಕು, ಭುಜ ಇನ್ನೆಲ್ಲೋ,
ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು.
ಇಪ್ಪತ್ತೆರಡಕ್ಕೆ ಬೆನ್ನು ಹೋಗುತ್ತದೆ.
ನನ್ನದು ಹೋದದ್ದು ಇಪ್ಪತ್ಮೂರಕ್ಕೆ, ಮ್ಯಾಟಿಂಗಿನ ಮೇಲೆ,
ಎರಡನೇ ಸ್ಪೆಲ್ಲಿನ ನಾಲ್ಕನೇ ಚೆಂಡು.
ಒಣ ಜಲ್ಲೆ ಲಟಕ್ಕೆಂದ ಸದ್ದು, ಕೀಪರಿಗೂ ಕೇಳಿಸಿತಂತೆ.

ಆಮೇಲೆ ಗಂಜಾಮಿನ ಅಫ್ರೋಜ್. ನೂರಾ ಹನ್ನೊಂದು.
ಗನ್ನಿನವನು ಕೂಗಲೂ ಇಲ್ಲ, ನೀರು ಕುಡಿದ.
ಚೆಂಡು ನೇರ ಬರುತ್ತದೆ, ನೇರವೇ ಬರುತ್ತದೆ, ಬ್ಯಾಟು ನಂಬುತ್ತದೆ,
ಕೊನೆಗೆ, ನೆಂಟರ ಮನೆಯಲ್ಲಿ ಎಲೆ ಹಾಕಿದ ಮೇಲೆ
ಹೇಳದೆ ಎದ್ದು ಹೋಗುವವನಂತೆ ಹೊರಟುಬಿಡುತ್ತದೆ.

ನಮ್ಮ ಲ್ಯಾಬಿನ ಪುಟ್ಟಣ್ಣಯ್ಯ ಹೇಳುತ್ತಿದ್ದ:
ನೀವು ತೂಕ ನೋಡಿ ಚೀಟಿ ಬರೀತೀರ, ಸಕ್ಕರೆ ಬರೋದು ರಸದಿಂದ ಕಣ್ರೀ.
ಹತ್ತು ತಿಂಗಳಿಗೆ ಕಡಿದು ತಂದರೆ ಗಾಡಿ ಭಾರ, ಇಳುವರಿ ಸೊನ್ನೆ.
ಬಿಟ್ಟರೆ ಹೂ ಬಿಟ್ಟು ಬೆಂಡಾಗುತ್ತೆ.
ಅದಕ್ಕೂ ಇದಕ್ಕೂ ನಡುವೆ ಎರಡು ವಾರ. ಆ ಎರಡು ವಾರ ಯಾವುದು ಅಂತ
ಕಬ್ಬಿಗೂ ಗೊತ್ತಿರಲ್ಲ.

ನಾನು ಬೇಡವೆಂದವನೊಬ್ಬ ರಾಜ್ಯಕ್ಕೆ ಆಡಿದ.
ಬೇಕೇಬೇಕೆಂದು ಜಗಳಾಡಿ ಸೇರಿಸಿದವರಲ್ಲಿ
ಒಬ್ಬ ಮದ್ದೂರಿನಲ್ಲಿ ಟೈರು ಮಾರುತ್ತಾನೆ, ಕಂಡರೆ ಕಾಫಿ ಕುಡಿಸುತ್ತಾನೆ,
ಕ್ರಿಕೆಟ್ಟಿನ ಸುದ್ದಿ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಮೂವತ್ತೆಂಟನೆಯವನು ಕೆರಗೋಡಿನ ಬೋರಲಿಂಗ. ಹದಿನಾರು.
ಬೂಟು ಅವನದಲ್ಲ, ಬೆರಳಿನ ಕಡೆ ಪೇಪರು ತುರುಕಿದೆ.
ಓಡಿ ಬಂದ, ಜಾರಿದ, ಮತ್ತೆ ಬಂದ. ನೂರಾ ಎಂಟು.
ಹೆಸರಿನ ಮುಂದೆ ಬರೆದೆ: ಮುಂದಿನ ವರ್ಷ.

ಎಲ್ಲ ಮುಗಿದ ಮೇಲೆ ನನ್ನ ಕುರ್ಚಿಯ ಪಕ್ಕ ಬಂದು ನಿಂತ.
'ಮುಂದಿನ್ ವರ್ಸ ಅಂದ್ರೆ ಇಲ್ಲ ಅಂತ ತಾನೆ, ಸಾ?'
ಹಂಗಲ್ಲ ಕಣಪ್ಪ, ಅಂದೆ.
'ನಮ್ಮಪ್ಪನ್ಗೂ ಕಾರ್ಖಾನೇಲಿ ಹಿಂಗೇ ಅನ್ನೋರಂತೆ.
ದುಡ್ಡು ಮುಂದಿನ್ ವಾರ, ಮುಂದಿನ್ ವಾರ.'

ಅವನಪ್ಪನ ಗಾಡಿಯನ್ನೂ ನಾನೇ ತೂಗಿರಬೇಕು.
ಎಷ್ಟು ಕಳೆದಿದ್ದೆನೋ.

ಬೂಟು ಬಿಚ್ಚು, ಇನ್ನೊಂದು ಹಾಕು, ಅಂದೆ.
ಗನ್ನು ಅಷ್ಟರಲ್ಲಿ ಪೆಟ್ಟಿಗೆ ಸೇರಿತ್ತು,
ಮೈಸೂರಿನವನು ಕಾರಿನ ಬಾಗಿಲು ಹಾಕಿಕೊಂಡಿದ್ದ.
ಬರಿಗಾಲಲ್ಲಿ ಓಡಿ ಬಂದ.
ಚೆಂಡು ಲೆಗ್ ಸ್ಟಂಪಿನಿಂದ ಒಂದು ಮಾರು ಆಚೆ ಹೋಗಿ ಬಲೆಗೆ ಬಡಿಯಿತು.
ಆದರೆ ಪಾದ, ಸೊಂಟ, ಭುಜ
ಮೂವರೂ ಒಂದೇ ಒಲೆಯಲ್ಲಿ ಉಣ್ಣುವವರು.

ರಬ್ಬರು ಹುಡುಕಿದೆ, ಜೇಬಿನಲ್ಲಿರಲಿಲ್ಲ.
ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ.
ಹಾಳೆ ಕಪ್ಪಾಯಿತು, ಸವೆಯಿತು.
'ವರ್ಷ' ಹೋಯಿತು.
'ಮುಂದಿನ' ಅನ್ನುವುದು ಇನ್ನೂ ಕಾಣುತ್ತಿತ್ತು.