ಫರ್ಶಿ ಬಿಸಿಲು

ಸೇಡಂನ ಮದುವೆ ಫೋಟೋದವನ ಹತ್ತಿರ
ಕಂತಿನ ಮೇಲೆ ಕೊಂಡ ಕ್ಯಾಮೆರಾ.
ಚಕ್ರದ ಮೇಲಿನ ಹಸಿರು ಚೌಕ ಸವೆದು ಅಳಿಸಿಹೋಗಿತ್ತು.
'ಎಂ' ಮಾತ್ರ ಈಗಷ್ಟೇ ಡಬ್ಬಿಯಿಂದ ತೆಗೆದಂತೆ
ಬೆಳ್ಳಗಿತ್ತು. ಯಾರೂ ಅತ್ತ ಹೋಗಿರಲಿಲ್ಲ.

ನಾನೂ ಹೋಗುತ್ತಿರಲಿಲ್ಲ,
ಲೇಬರ್ ಕಾರ್ಡಿಗೆಂದು ತೆಗೆದ ಮೂವತ್ತೆರಡು ಮುಖ
ಆಫೀಸಿನಿಂದ ವಾಪಸ್ ಬರದೇ ಹೋಗಿದ್ದರೆ.
ಲಕೋಟೆಯ ಮೇಲೆ ಕೆಂಪು ಶಾಯಿ: ಮುಖ ಕಾಣುವುದಿಲ್ಲ.
ಖರೆ. ಹಿಂದೆ ಫರ್ಶಿಯ ರಾಶಿ, ಪದರು ಪದರೂ ಸ್ಪಷ್ಟ,
ಮುಂದೆ ಸೆರಗು ಹೊತ್ತ ಮೂವತ್ತೆರಡು ಕತ್ತಲೆ.

ಶಹಾಬಾದ ಸ್ಟೇಷನ್ನಿನ ಎದುರು ಎಂದೋ ಸ್ಟುಡಿಯೋ ಇಟ್ಟಿದ್ದ
ಇಲಾಹಿಬಕ್ಷ ಮಾಮಾ ಕಂತೆಯನ್ನು ಇಸ್ಪೀಟಿನಂತೆ ಹರವಿ ನಕ್ಕ.
"ಮಷೀನಿಗಿ ಏನ್ ಗೊತ್ತದ ಸುಗಲಾ,
ಅದಕ್ಕ ದುನಿಯಾ ಎಲ್ಲಾ ಬೂದಿ ಬಣ್ಣ ಆಗಬೇಕು.
ಬೆಳ್ಳಂದು ಕಂಡ್ರ ಅಂಜಿ ಕಣ್ಣ ಮುಚ್ಕೋತದ,
ಕರ್ರಂದು ಕಂಡ್ರ ಕಣ್ಣ ಹಿಗ್ಗಿಸ್ತದ.
ಕಲ್ಲಿಗಿ ಅಂಜ್ಯಾದ ಅದು. ನೀ ಯಾಕ ಅಂಜ್ತಿ?"

ಆಮೇಲೆ ಉಲ್ಟಾ ಲೆಕ್ಕ.
ಅಂಕಿ ಸಣ್ಣದಾದರೆ ಬಾಯಿ ದೊಡ್ಡದು,
ಅಂಕಿ ದೊಡ್ಡದಾದರೆ ಸೂಜಿಯ ಕಣ್ಣು.
ಹದಿನಾರು, ಹನ್ನೊಂದು, ಎಂಟು, ಐದು ಪಾಯಿಂಟ್ ಆರು
ಒಲೆ ಮುಂದೆ, ಬಸ್ಸಿನಲ್ಲಿ, ನೀರಿನ ಸರದಿಯಲ್ಲಿ
ಮಗ್ಗಿಯಂತೆ ಬಾಯಿಪಾಠ.
ಮೂರು ಟಿಕ್ಕಿಗೆ ಒಂದು ಮೆಟ್ಟಿಲು.
ಒಂದು ಮೆಟ್ಟಿಲಿಗೆ ಬೆಳಕು ಇಮ್ಮಡಿ, ಇಲ್ಲವೇ ಅರ್ಧ.
ರೊಟ್ಟಿ ಬಡಿಯುತ್ತ ಉರಿ ತಗ್ಗಿಸಿ ಏರಿಸಿ
ಇಷ್ಟು ವರ್ಷ ಮಾಡಿದ್ದೇನು ಮತ್ತೆ, ಅಂದುಕೊಂಡೆ.
ಕೈ ಒಪ್ಪಲಿಲ್ಲ. ತಿಂಗಳಿಡೀ ಸಿಕ್ಕಿದ್ದು
ಸುಟ್ಟ ಆಕಾಶ, ಮಸಿ ಗೋಡೆ,
ನಡುವೆ ನಿಂತಲ್ಲೇ ಕರಗಿಹೋದ ಒಂದು ಮೇಕೆ.

"ಅಂಗೈ ಬಿಸಿಲಿಗಿ ಹಿಡಿ," ಅಂದ ಮಾಮಾ.
ಪೊರೆ ಬಂದ ಎಡಗಣ್ಣು ಬೇರೆಲ್ಲೋ ನೋಡುತ್ತಿತ್ತು.
"ಅದರ ಮ್ಯಾಲಿನ ಬೆಳಕ ಅಳತಿ ಮಾಡು. ಒಂದ್ ಮೆಟ್ಟಿಲ ಏರಿಸು.
ಎಲ್ಲಾರ ಅಂಗೈನೂ ಹೆಚ್ಚೂಕಮ್ಮಿ ಒಂದೇ ಬಣ್ಣ."

ಮತ್ತೆ ಖಣಿಗೆ ಹೋದೆ. ಹನ್ನೆರಡರ ಹೊತ್ತು.
ಇಲ್ಲಿ ಬಿಸಿಲು ಮೇಲಿನಿಂದ ಬರುವುದಿಲ್ಲ,
ಕೆಳಗಿನ ಕಲ್ಲಿನಿಂದ ಏಳುತ್ತದೆ.
ನಾಗಿಂದ್ರಮ್ಮ ಸುತ್ತಿಗೆ ಕೆಳಗಿಟ್ಟು ನಿಂತಳು,
ಹೋದ ಸಲದಂತೆಯೇ ಉಸಿರು ಬಿಗಿಹಿಡಿದು.
ಅವಳದೇ ಅಂಗೈ ಕೇಳಿದೆ.
ಬಣ್ಣ ಒಂದೇ ಅಲ್ಲ ಮಾಮಾ, ಅದರಲ್ಲೂ ಕಲ್ಲಿನ ಪುಡಿ ಕೂತಿತ್ತು.
ಸೀರೆಗೆ ಒರೆಸಿಕೊಂಡಳು. ಮತ್ತೆ ಅಳೆದೆ.
ಟಿಕ್, ಟಿಕ್, ಟಿಕ್.

ಬಂದಳು.
ಗದ್ದದ ಹಚ್ಚೆ, ರೆಪ್ಪೆಯ ತುದಿಯ ಧೂಳು,
ನತ್ತು ತೆಗೆದಿಟ್ಟ ತೂತು.
ಹಿಂದೆ ಏನೂ ಇಲ್ಲ. ಬರೆಯದ ಹಾಳೆ.

ಸೆರಗಿನಿಂದ ನೆರಳು ಮಾಡಿ
ಕ್ಯಾಮೆರಾದ ಬೆನ್ನಿಗೆ ಬಗ್ಗಿ ನೋಡಿದಳು.
"ಕಲ್ಲ ಎಲ್ಲಿ ಹೋತವ್ವಾ?"
ನಾನು ಬೆಳಕು, ಮೆಟ್ಟಿಲು ಎಂದೇನೋ ತೊದಲಿದೆ.
ಅವಳಾಗಲೇ ನಗುತ್ತ ಉಳಿದವರನ್ನು ಕೂಗುತ್ತಿದ್ದಳು:
"ಇಪ್ಪತ್ತೆಂಟು ವರ್ಷ ಒಡದ್ರೂ ತೀರಲಿಲ್ಲ ಈ ಸುಡಗಾಡ ಕಲ್ಲು,
ಈಕಿ ನೋಡ್ರೇ, ಒಂದ್ ಟಿಕ್ ಅನಿಸಿ ಖಾಲಿ ಮಾಡ್ಯಾಳ!"

ಮೂವತ್ತೆರಡೂ ಮುಗಿದ ಮೇಲೆ ತಿರುಗಿ ಬಂದಳು.
"ಅದು ಕಾರ್ಡಿಗಿ ಇರ್ಲಿ.
ನನಗ ಒಂದು ಹೋದ ಸಲದ್ಹಾಂಗ ತಗಿ. ಕಲ್ಲ ಕಾಣಬೇಕು.
ಮನ್ಯಾಗಿನವರಿಗಿ ನನ್ನ ಮಾರಿ ಗೊತ್ತದ."

ಹಸಿರು ಚೌಕವಿದ್ದ ಜಾಗಕ್ಕೆ
ಹೆಬ್ಬೆರಳು ತಾನೇ ಹೋಯಿತು. ತಡೆದೆ.
ಈ ಸಲ ಆ ಕತ್ತಲೆಯನ್ನೂ ನಾನೇ ಎಣಿಸಬೇಕಿತ್ತು,
ಹಿಂದಕ್ಕೆ, ಒಂದೊಂದೇ ಟಿಕ್.