ತಾ ಅಂದರೆ ಕಣ್ಣು

ನಖೋನ್ ಪಥೋಮಿನ ನಮ್ಮ ಹಿತ್ತಿಲಲ್ಲಿ
ಆರುನೂರ ನಲವತ್ತು ಚಪ್ಪಟೆ ಬಾಟಲಿ.
ಒಂದು ಕಾಲಕ್ಕೆ ಅಗ್ಗದ ವಿಸ್ಕಿ ತುಂಬಿದ್ದವು,
ಈಗ ಒಂದೊಂದರಲ್ಲೂ ಒಬ್ಬೊಬ್ಬ ಗಂಡು.
ನಡುವೆ ರಟ್ಟಿನ ತುಂಡು,
ಇಲ್ಲದಿದ್ದರೆ ಪಕ್ಕದವನನ್ನು ಬೈದು ಬೈದೇ
ಸಂಜೆಯೊಳಗೆ ಸೊರಗಿಹೋಗುತ್ತವೆ.

ಪ್ಲಾ ಕಾಟ್ ಅಂದರೆ ಕಚ್ಚುವ ಮೀನು.
ತಾ ಅಂದರೆ ಅಮ್ಮನ ಅಪ್ಪ.
ತಾ ಅಂದರೆ ಕಣ್ಣು ಕೂಡ.
ನಮ್ಮ ಭಾಷೆ ಜಿಪುಣ,
ಒಂದೇ ಮಾತಿನಲ್ಲಿ ಎರಡು ಕೆಲಸ ತೆಗೆಯುತ್ತದೆ.
ಈ ಬೇಸಿಗೆ
ತಾಗೆ ತಾ ಮಂಜಾಯಿತು.

ಶನಿವಾರದ ಸಂತೆಗೆ ಹತ್ತು ಆರಿಸಬೇಕು.
ಅವನು ಕಾಡುಬಾದಾಮಿಯ ನೆರಳಲ್ಲಿ ಸ್ಟೂಲಿನ ಮೇಲೆ,
ನಾನು ಬಾಟಲಿ ಎತ್ತಿ ಬಿಸಿಲಿಗೆ ಹಿಡಿದು.

"ಬಣ್ಣ ಹೇಳಬೇಡ," ಅಂದ ಮೊದಲೇ,
"ಅದು ಕೊಳ್ಳುವವರಿಗೆ. ನಡೆ ಹೇಳು."

ರೆಕ್ಕೆ ಮುದುಡಿಕೊಂಡಿದೆ ತಾ, ಮಡಚಿದ ಕೊಡೆಯ ಹಾಗೆ.
"ಒಣಗಿದೆಲೆ ಒಂದು ಹಾಕು. ಮೂರು ದಿನ ಮಾತಾಡಿಸಬೇಡ."

ಇದರ ಮೈಮೇಲೆ ಉಪ್ಪು ಚಿಮುಕಿಸಿದಂತಿದೆ.
"ಬೇರೆ ಇಡು."

ಇದಕ್ಕೆ ಹೊಟ್ಟೆ ದೊಡ್ಡದು.
"ತಿಂದದ್ದಿರಬಹುದು. ಮೇಲಿಂದ ನೋಡು, ಹುರುಪೆ ನಿಮಿರಿದೆಯಾ?"
ನಿಮಿರಿದೆ. ಅನಾನಸಿನ ಹಾಗೆ.
ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಆ ಕೈ ಇನ್ನೊಂದು ನೀರಿಗೆ ಅದ್ದಬೇಡ. ತೊಳೆದು ಬಾ."

ತೊಳೆದು ಬಂದೆ.
ಆ ಹೊತ್ತಿಗೆ ಒಂದು ಬಾಟಲಿಯನ್ನು ಕಿವಿಗೆ ಹಿಡಿದಿದ್ದ.
"ಪಿಟ್ ಅಂತು, ಕೇಳಿತಾ?
ಮೇಲೆ ಬಂದು ಗಾಳಿ ಕುಡಿಯುವ ಜಾತಿ ಇದು.
ನೀರಲ್ಲೇ ಹುಟ್ಟಿಯೂ
ನೀರನ್ನು ಪೂರ್ತಿ ನಂಬದ ಜಾತಿ."

ನೊರೆ ಕಟ್ಟಿದೆ ತಾ, ಚೆಲ್ಲಲಾ?
"ಏಯ್, ಮುಟ್ಟಬೇಡ! ಗೂಡದು.
ಹೆಣ್ಣಿಲ್ಲ, ಮೊಟ್ಟೆಯಿಲ್ಲ,
ಆದರೂ ಒಂದೊಂದೇ ಗುಳ್ಳೆ ಉಗುಳಿ ತೊಟ್ಟಿಲು ಕಟ್ಟಿದ್ದಾನೆ.
ಇವನನ್ನು ಮಾರುವುದಿಲ್ಲ, ಸಾಕಿಕೊಳ್ಳುತ್ತೇವೆ."

ಒಳಗಿಂದ ಯಾಯ್ ಸಂಗ್ವಿಯನ್ ಕೂಗಿದಳು:
"ನಿನ್ನಜ್ಜನೂ ಹಾಗೇ ಇದ್ದಿದ್ದರೆ ಆಗ್ತಿತ್ತು.
ಒಂದು ಮೀನಿನ ಕಾಳಗಕ್ಕೆ ಹೋಂಡಾ ಗಾಡಿ ಪಣವಿಟ್ಟು
ಹನ್ನೊಂದು ಮೈಲಿ ನಡೆದು ಬಂದ ಮಹಾರಾಯ."
ತಾ ಗಂಟಲು ಕೆರೆದುಕೊಂಡ.
"ಮುಂದಿನದು ಹೇಳು."

ಕೊನೆಗೆ ಕನ್ನಡಿ.
ಯಾಯ್‌ಳ ಹಳೇ ಪೌಡರ್ ಡಬ್ಬಿಯದು, ರೂಪಾಯಿಯಗಲ.
ಐದು ಎಣಿಸುವಷ್ಟು ಹೊತ್ತು ಮಾತ್ರ ತೋರಿಸಬೇಕು,
ಹೆಚ್ಚಾದರೆ ಸಿಟ್ಟು ರಕ್ತಕ್ಕಿಳಿಯುತ್ತದಂತೆ.
ಒಂದೊಂದೂ ಕಿವಿರು ಕೆದರಿ, ಗಡ್ಡ ಬಿಟ್ಟು,
ಬಾಲವನ್ನು ರೇಷ್ಮೆ ಅಂಗಡಿಯವನ ಹಾಗೆ ಝಾಡಿಸಿ
ತನ್ನನ್ನೇ ಕೊಲ್ಲಲು ಹೊರಟಿತು.
ಒಂಬತ್ತಾಯಿತು.

ಹತ್ತನೆಯದು ಕನ್ನಡಿಯ ತನಕ ಬಂತು, ನೋಡಿತು,
ಪರಿಚಯದವರ ಮನೆ ಬಾಗಿಲು ತಪ್ಪಿ ತಟ್ಟಿದಂತೆ
ಹಿಂದೆ ಸರಿಯಿತು.

ಹೇಡಿ, ಅಂದೆ.
"ಹೇಡಿ ಮೂಲೆ ಹಿಡಿಯುತ್ತದೆ. ಹಿಡಿಯಿತಾ?"
ಇಲ್ಲ. ನನ್ನ ಬೆರಳನ್ನೇ ನೋಡ್ತಿದೆ.
"ರೆಕ್ಕೆ?"
ಬಿಚ್ಚಿದೆ.
"ಉಣ್ಣುತ್ತದಾ?"
ಒಂದು ಸೊಳ್ಳೆಮರಿ ಹಾಕಿದೆ. ಗಬಕ್.
"ಕಣ್ಣು?"
ತಿಳಿ. ಎರಡೂ.
ತಾ ತನ್ನ ಕಣ್ಣುಜ್ಜಿಕೊಂಡ.
"ಹಾಗಾದರೆ ಕಾಯಿಲೆಯಲ್ಲ. ಸ್ವಭಾವ.
ಆರುನೂರರಲ್ಲಿ ಎಲ್ಲವೂ ಒಂದೇ ಥರ ಯಾಕಿರಬೇಕು?"
ಆಮೇಲೆ, ತಾನೇ ಹಾಕಿದ ಕಟ್ಟಳೆ ಮುರಿದು:
"ಬಣ್ಣ?"

ಏನಿಲ್ಲ ತಾ. ಗದ್ದೆ ಹೊಂಡದ ಬಣ್ಣ.

"ಹಾಗಾದರೆ ಸಂತೆಯಲ್ಲಿ ಯಾರೂ ತಗೊಳ್ಳಲ್ಲ," ಅಂದ.
ಬೇಸರದ ದನಿಯಾಗಿರಲಿಲ್ಲ ಅದು.

ರಾತ್ರಿ ಆ ಬಾಟಲಿ ಅವನ ಹಾಸಿಗೆಯ ಪಕ್ಕ.
ಸೊಳ್ಳೆಪರದೆಯೊಳಗಿಂದ ಕೈ ಚಾಚಿ
ಗಾಜಿಗೆ ಬೆರಳಿಟ್ಟ, ತಪ್ಪು ಬದಿಗೆ.
ಮೀನು ಈ ಕಡೆ ಮುಖ ಮಾಡಿತ್ತು.
ನಾನು ಹೇಳಲಿಲ್ಲ.
ಅದು ನಿಧಾನಕ್ಕೆ ತಿರುಗಿತು, ಎಲೆಯನ್ನು ಬಳಸಿತು.

"ಬಂತಾ?"

ಬಂತು.