ಎರಡು ಪಾಯಿಂಟ್ ಆರು

ಪರದೆಯಲ್ಲೊಂದು ಬೂದು ಗೆರೆ. ಡಾಕ್ಟರು ಅದರ ಆಚೆಗೊಂದು
ಈಚೆಗೊಂದು ಚುಕ್ಕೆ ಇಟ್ಟರು: ಎರಡು ಪಾಯಿಂಟ್ ಆರು ಮಿಲಿಮೀಟರ್.
ಮೂರು ವರ್ಷದ ಹಿಂದೆ ಸಾನ್ನಾಳನ್ನು ಎತ್ತಿಕೊಂಡ ಜಾಗ
ಇಷ್ಟು ದಪ್ಪಕ್ಕೆ ಮಾಗಿದೆ.

ರೋಯಿ ಸ್ಟೂಲಿನಿಂದ ಮುಂದಕ್ಕೆ ಬಾಗಿದ.
ಹಡಗುಕಟ್ಟೆಯ ಬೆಸುಗೆಗಾರ ಅವನು. ಇಂಥದೇ ಯಂತ್ರ
ಅವನ ಪೆಟ್ಟಿಗೆಯಲ್ಲೂ ಇದೆ, ಇಂಥದೇ ತಣ್ಣನೆಯ ಅಂಟು ಸವರಿ
ದೋಣಿಗಳ ಹೊಟ್ಟೆ ತಡವಿ ನೋಡುತ್ತಾನೆ.
'ಮೂರಕ್ಕಿಂತ ಇಳಿದರೆ ನಾವು ತಗಡು ಬದಲಿಸ್ತೇವೆ' ಅಂದ.
ಅಂದಮೇಲೆ ಅವನ ಕಿವಿ ಕೆಂಪಾಯಿತು.
ಡಾಕ್ಟರು ನಗಲಿಲ್ಲ. 'ಇದು ಕಬ್ಬಿಣವಲ್ಲ,
ಬರೀ ದಪ್ಪ ನೋಡಿ ತೀರ್ಪು ಕೊಡೋಕೆ ಬರೋದಿಲ್ಲ.'

ಆಮೇಲೆ ಲೆಕ್ಕ.
ಹಳೆಯ ಹೊಲಿಗೆ ಬಿಟ್ಟುಕೊಳ್ಳುವುದು ನೂರಕ್ಕೆ ಸುಮಾರು ಅರ್ಧ.
ಅರ್ಧ ಹೆಂಗಸನ್ನು ನಾನು ಎಲ್ಲೂ ಕಂಡವಳಲ್ಲ,
ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಂಡೆ: ಇನ್ನೂರಕ್ಕೆ ಒಬ್ಬಳು.
ಮೀನಿನ ಕಾರ್ಖಾನೆಯ ಎರಡೂ ಪಾಳಿ ಕೂಡಿದರೆ ಅಷ್ಟಾದೇವು.
ಎಲ್ಲರನ್ನೂ ನೀಲಿ ಕೈಗವಸು ತೊಡಿಸಿ ಸಾಲಿಗೆ ನಿಲ್ಲಿಸಿದೆ.
ನೂರ ತೊಂಬತ್ತೊಂಬತ್ತು ಜನ ತಲೆಯೆತ್ತದೆ
ಮೀನು ಸೀಳುತ್ತಲೇ ಇದ್ದರು.
ಒಬ್ಬಳು ಚಾಕು ಕೆಳಗಿಟ್ಟಳು.
ಮುಖ ಕಾಣಲಿಲ್ಲ. ಟೋಪಿ ಮಾತ್ರ ನನ್ನದೇ ಬಣ್ಣ.

ತಕ್ಕಡಿಯ ಇನ್ನೊಂದು ತಟ್ಟೆಯೂ ಖಾಲಿಯಿಲ್ಲ.
ಮತ್ತೆ ಕೊಯ್ದರೆ ಮತ್ತಷ್ಟು ಅಂಟು, ಮತ್ತಷ್ಟು ರಕ್ತ.
ಮುಂದಿನ ಬಸಿರಿನ ಮಾಸು
ಗಾಯದೊಳಕ್ಕೇ ಬೇರಿಳಿಸಿದರೂ ಇಳಿಸೀತು.
'ಮೂರನೆಯದು ಬೇಕು ಅಂತಿದೆಯೇ?'
ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಾನ್ನಾ ಅಂದು ಕುಂಡೆ ಊರಿ ಕೂತಿದ್ದಳು, ಕೊಯ್ದದ್ದಕ್ಕೆ ಅಷ್ಟೇ ಕಾರಣ.
ಇದು ತಲೆ ತಗ್ಗಿಸಿದೆ, ಒಳ್ಳೆಯ ಮಗು ಅಂದರು.
ಆದರೆ ನಮ್ಮದು ಸುವುರೋಯ್: ನಡುವೆ ಎರಡು ಗಂಟೆ ಸಮುದ್ರ.
ಗಾಳಿ ಎದ್ದರೆ ಹಡಗಿಲ್ಲ, ಮಂಜು ಕವಿದರೆ ಹೆಲಿಕಾಪ್ಟರಿಲ್ಲ.
ಎರಡು ವಾರ ಮೊದಲೇ ಬಂದು ಇಲ್ಲಿ ಟೋರ್ಸ್‌ಹಾವ್ನ್‌ನಲ್ಲಿ ಕೂರಬೇಕು,
ಆಪರೇಷನ್ ಕೋಣೆಯ ಬಾಗಿಲು ಕಾಣುವಷ್ಟು ಹತ್ತಿರ.

ಎಲ್ಲರೂ ಹೋದಮೇಲೆ ಸೂಲಗಿತ್ತಿ ಎಲ್ಸ್ಪಾಳನ್ನು ಕೇಳಿದೆ:
'ಆ ಒಬ್ಬಳು ನಿನ್ನ ಕೈಗೆ ಯಾವತ್ತಾದರೂ ಬಂದಿದ್ದಳೇ?'
ನಲ್ಲಿ ತಿರುಗಿಸಿ ಕೈ ತೊಳೆಯುತ್ತ ನಿಂತಳು,
ಕೊಳೆಯೇ ಇಲ್ಲದ ಕೈ.
'ಬಂದಿದ್ದಳು. ಮಗುವಿನ ಎದೆಬಡಿತ ಮೊದಲು ಕುಗ್ಗಿತು,
ಅದೇ ನಮಗೆ ಹೇಳಿದ್ದು. ಹದಿನಾರು ನಿಮಿಷ.
ಮಗು ಉಳಿಯಿತು. ಗರ್ಭಕೋಶ ಉಳಿಯಲಿಲ್ಲ.
ಅಂಗಡಿಯಲ್ಲಿ ಸಿಗ್ತಾಳೆ. ಹುಡುಗನ ಹಲ್ಲು ಬಿದ್ದದ್ದು,
ಬೂಟು ಚಿಕ್ಕದಾದದ್ದು, ಅದೇ ಮಾತು.'
'ಉಳಿದವರು?'
'ಉಳಿದವರು ನನ್ನ ಹೆಸರೂ ಮರೆತಿರ್ತಾರೆ' ಅಂದಳು,
ಅದನ್ನು ಹೇಳುವಾಗ ನಕ್ಕಳು.

ಕಾಗದದಲ್ಲಿ ನಾನು 'ಪ್ರಯತ್ನಿಸುತ್ತೇನೆ' ಎಂಬಲ್ಲಿ ಗುರುತು ಹಾಕಿದೆ.
ಪೆನ್ಸಿಲಿನಲ್ಲಿ. ಎಲ್ಸ್ಪಾ ನೋಡಿದಳು, ಪೆನ್ನು ಕೊಡಲಿಲ್ಲ.

ಹಿಂತಿರುಗುವ ಹಡಗಿನ ಕೆಳ ಅಂತಸ್ತಿನಲ್ಲಿ
ಗೋಡೆಯ ಬೆಸುಗೆಗಳನ್ನು ರೋಯಿ ಒಂದೊಂದಾಗಿ ನೋಡುತ್ತ ಕೂತಿದ್ದ.
'ಚೆನ್ನಾಗಿವೆಯೇ?' ಅಂದೆ.
'ಇವತ್ತಿನವರೆಗೆ ಹಿಡಿದಿವೆ' ಅಂದ,
ಅಲೆಯೊಂದು ಹೊಡೆದು ಕಾಫಿ ಚೆಲ್ಲಿತು.
ಅವನು ತನ್ನ ತೋಳಿನಿಂದಲೇ ಒರೆಸಿದ.